ಎರಡೂ ಕೆನ್ನೆಯ ಕೆಂಪು

ಅಕ್ಕ ಶಾಲೆಯ ಗೇಟಿನಲ್ಲಿ, ಹುಡುಗರೆಲ್ಲರ ಎದುರು, ತನ್ನ ಕೆನ್ನೆಗೆ ಬಾರಿಸಿದ್ದನ್ನು ನೆಗ್ಗು ಮೇಸ್ತ್ರಿ ಇವತ್ತಿಗೂ ಮರೆತಿಲ್ಲ. ಕಿಟಕಿ ಒಡೆದವನು ಇನ್ನೊಬ್ಬ, ಏಟು ಬಿದ್ದದ್ದು ಇವನಿಗೆ. ಏನು ಎತ್ತ ಎಂದು ಅವಳು ಕೇಳಲೂ ಇಲ್ಲ. ಆಮೇಲೆ ಅವನು ಶಾಲೆಯ ಕಡೆ ತಲೆ ಹಾಕಿಯೂ ಮಲಗಲಿಲ್ಲ. ಗ್ಯಾರೇಜು ಸೇರಿ ಸುತ್ತಿಗೆ ಹಿಡಿದ. ಗುದ್ದಿಸಿಕೊಂಡು ಬಂದ ಕಾರುಗಳ ನೆಗ್ಗು ತೆಗೆಯುವುದರಲ್ಲೇ ತಲೆ ನರೆಯಿತು.

ತಗಡಿನ ಮೇಲೆ ಅಂಗೈ ಆಡಿಸಿದರೆ ಸಾಕು, ಕಂಬವೋ ಗೋಡೆಯೋ, ಎಡದಿಂದಲೋ ಬಲದಿಂದಲೋ ಹೇಳಿಬಿಡುತ್ತಿದ್ದ. "ಸುಮ್ನೆ ನಿಲ್ಲಿಸಿದ್ದೆ ಮೇಸ್ತ್ರಿ" ಅಂದವರಿಗೆ, "ಗೋಡೆನೇ ಎದ್ದು ಬಂದು ಗುದ್ದಿತಾ ಸಾರ್?" ಎನ್ನುವುದು ರೂಢಿ. ಇಂಥ ಸುಳ್ಳು ಕೇಳಿ ಕೇಳಿ, ಬೆಳ್ಳಗಿರುವುದೆಲ್ಲ ಸುಣ್ಣದ ನೀರೇ ಎನ್ನುವ ಮಟ್ಟಕ್ಕೆ ಬಂದಿದ್ದ.

ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಹೆಂಡತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು, ಹಾಗಾಗಿ ಮಗು ಹಗಲೆಲ್ಲ ಹಿಂದಿನ ಬೀದಿಯ ಅಕ್ಕನ ಮನೆಯಲ್ಲಿ. ಮಕ್ಕಳಿಲ್ಲದ ಅಕ್ಕನಿಗೆ ಅದೇ ಜೀವ. ಮಗು ಬಂದ ಕೂಡಲೇ ಎರಡೂ ಕೆನ್ನೆ ಹಿಂಡದೆ ಒಳಗೆ ಬಿಡುತ್ತಿರಲಿಲ್ಲ.

ಒಂದು ಸಂಜೆ ಕರೆತರಲು ಹೋದರೆ ಮಗುವಿನ ಎರಡೂ ಕೆನ್ನೆ ಕೆಂಡ. ಅಂಗೈ ಆಡಿಸಿದ. ಬಿಸಿ.

"ಹೊಡೆದ್ಯಾ?"

"ಯಾರಿಗೋ?" ಅಕ್ಕ ಹೊಲಿಗೆ ಯಂತ್ರದಿಂದ ತಲೆ ಎತ್ತಿದಳು.

"ಬಲಗೈಲಿ ಒಂದು, ಎಡಗೈಲಿ ಒಂದು. ನಿನ್ನ ಕೈ ನಂಗೇನು ಹೊಸದಾ?"

"ಮಲಗಿ ಎದ್ದಾಗಿಂದ ಹೀಗಿದೆ ಕಣೋ. ಹೋದ ವಾರ ಜ್ವರ ಬಂದಿತ್ತಲ್ಲ, ಅದರದ್ದೇ ಏನೋ. ಹೊಡೆದಿದ್ರೆ ಬೆರಳ ಗುರುತು ಎಲ್ಲಿದೆ, ತೋರಿಸು!"

"ಹೌದೌದು, ಗೋಡೆನೇ ಎದ್ದು ಬಂದು ಗುದ್ದಿತು!" ಎಂದವನೇ ಸಿಟ್ಟಿಗೆ ಪಕ್ಕದ ಕಬ್ಬಿಣದ ಬೀರುವಿಗೆ ಒದ್ದ. ಬಾಗಿಲು ನೆಗ್ಗಿತು. "ಇನ್ನು ಈ ಹೊಸ್ತಿಲು ತುಳಿಸಲ್ಲ."

ಮನೆಯಲ್ಲಿ ವಿಚಾರಣೆ. "ಅತ್ತೆ ಹೊಡೆದ್ಲಾ ಪುಟ್ಟಿ?"

"ಹೂಂ."

"ಕೇಳಿದ್ಯಾ!"

ಹೆಂಡತಿ ಕೇಳಿದಳು, "ಆನೆ ಹೊಡೀತಾ ಪುಟ್ಟಿ?"

"ಹೂಂ."

ಮಾರನೆಯ ಬೆಳಿಗ್ಗೆ ಕ್ಲಿನಿಕ್ಕಿನ ಡಾಕ್ಟರಮ್ಮ ಮಗುವಿನ ಮುಖ ತಿರುಗಿಸಿ ನೋಡಿದರು. "ವೈರಸ್ಸಿಂದ ಬರೋದು, ಮಕ್ಕಳಲ್ಲಿ ಮಾಮೂಲು. ಕೆನ್ನೆಗೆ ಬಾರಿಸಿದ ಹಾಗೇ ಕಾಣುತ್ತೆ. ನಾಳೆ ನಾಡಿದ್ದು ಕೈಕಾಲ ಮೇಲೂ ಬರಬಹುದು, ಬಲೆ ಹಾಸಿದ ಹಾಗೆ. ತಾನಾಗೇ ಹೋಗುತ್ತೆ. ಮನೇಲಿ ಬಸುರಿ ಹೆಂಗಸರಿದ್ರೆ ಅವರ ಡಾಕ್ಟರಿಗೆ ತಿಳಿಸಲಿ, ಅಷ್ಟೇ."

ಹೊರಗೆ ಬಂದು ಮೇಸ್ತ್ರಿ ಪಿಸುಗುಟ್ಟಿದ, "ಅಕ್ಕ ಮೊದಲೇ ಬಂದು ಕಿವಿ ಊದಿದಾಳೆ."

"ಅತ್ತಿಗೆಗೆ ಇವರ ಪರಿಚಯವೇ ಇಲ್ಲ ಕಣ್ರೀ!"

"ಅದೇ ನೋಡು, ಪರಿಚಯ ಇಲ್ಲದ ಹಾಗೆ ಇರ್ತಾರೆ."

ಹೆಂಡತಿ ರಜೆ ಹಾಕಿ ಮನೆಯಲ್ಲಿ ಉಳಿದಳು. ಎರಡು ದಿನ ಕಳೆದು, ಸ್ನಾನ ಮಾಡಿಸಿದ ಮಗುವನ್ನು ಒರೆಸುತ್ತಿದ್ದ ಮೇಸ್ತ್ರಿಯ ಕೈ ನಿಂತಿತು. ತೋಳಿನಲ್ಲಿ, ತೊಡೆಯಲ್ಲಿ ಕೆಂಪು ಬಲೆ. ಅಂಗೈ ಆಡಿಸಿದ. ನೆಗ್ಗೂ ಇಲ್ಲ, ಉಬ್ಬೂ ಇಲ್ಲ. ಯಾವ ಕೈಯೂ ಬಲೆ ಹೆಣೆದ ಹಾಗೆ ಹೊಡೆಯಲಾರದು. ಅದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಸುತ್ತಿಗೆ ಚೀಲ ಹೆಗಲಿಗೇರಿಸಿ, ಮಗುವನ್ನು ಎತ್ತಿಕೊಂಡು ಅಕ್ಕನ ಮನೆಗೆ ಹೋದ. ಬೀರುವಿನ ಮುಂದೆ ಕೂತು ಬಾಗಿಲ ನೆಗ್ಗು ತೆಗೆದ. ಅಕ್ಕ ನಿಂತು ನೋಡಿದಳು.

"ಕೂಲಿ ಎಷ್ಟಪ್ಪಾ ಮೇಸ್ತ್ರಿ?"

"ನಿನ್ನ ಹತ್ರ ಕೂಲಿನಾ?"

"ಹಾಗಾದ್ರೆ ಬೇರೇನಾದ್ರೂ ಹೇಳೋದಿದ್ಯಾ?"

ಮೇಸ್ತ್ರಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. "ಬಣ್ಣ ನಾಳೆ ಹಚ್ತೀನಿ" ಎಂದು ಎದ್ದ.

ಮಗು ಮತ್ತೆ ಅಕ್ಕನ ಮನೆಗೆ ಹೋಗುತ್ತದೆ. ಬಾಗಿಲಲ್ಲಿ ಮುಖ ಎತ್ತಿ ಕೆನ್ನೆ ಒಡ್ಡಿ ನಿಲ್ಲುತ್ತದೆ. ಅಕ್ಕ ತಮ್ಮನ ಕಡೆ ನೋಡಿ, ಎತ್ತಿದ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾಳೆ. ಗೇಟಿನ ಏಟಿಗೂ ತಾನು ಹೊರಿಸಿದ ತಪ್ಪಿಗೂ ಚುಕ್ತಾ ಆಯಿತೆಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದುಂಟು, ಲೆಕ್ಕ ಕೂಡಲಿಲ್ಲ. ಬೀರುವಿನ ಬಾಗಿಲಿಗೆ ಇನ್ನೂ ಬಣ್ಣ ಬಿದ್ದಿಲ್ಲ. 'ತಪ್ಪಾಯ್ತು' ಅನ್ನುವ ಮಾತೂ ಬಾಕಿ.