ವೈರಿನ ಕಾವಲು

ಸಾಗರದ ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಬೆಳಕಿನ ಕೆಲಸ ನನ್ನದು. ಎಂಬತ್ತರ ದಶಕ ಶುರುವಾಗುವವರೆಗೂ ಪರದೆಯ ಸಂದಿಯಲ್ಲಿ, ಡಿಮ್ಮರ್ ಪೆಟ್ಟಿಗೆಯ ಬಿಸಿ ಸಹಿಸಿಕೊಂಡು ಕೂರುತ್ತಿದ್ದೆ. ದೀಪ ಏರಿಸುವುದು, ಇಳಿಸುವುದು ಎಲ್ಲ ಅಲ್ಲಿಂದಲೇ. ಅಲ್ಲಿಂದ ಕಾಣುತ್ತಿದ್ದದ್ದು ನಟರ ಬೆನ್ನು ಮಾತ್ರ. ಬೆಳಕು ಚೆನ್ನಾಗಿತ್ತು ಎಂದು ಯಾರಾದರೂ ಹೊಗಳಿದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಅದನ್ನು ನೋಡದವನು ನಾನೊಬ್ಬನೇ.

ಆಮೇಲೆ ಹೊಸ ಸಾಮಾನು ಬಂತು. ಡಿಮ್ಮರ್ ಪೆಟ್ಟಿಗೆ ವೇದಿಕೆಯ ಪಕ್ಕದಲ್ಲೇ ಇರುತ್ತದೆ. ಅದಕ್ಕೆ ಅಪ್ಪಣೆ ಕೊಡುವ ಸಣ್ಣ ಬೋರ್ಡನ್ನು ಉದ್ದನೆಯ ವೈರು ಎಳೆದು ಸಭಾಂಗಣದ ಹಿಂದೆ ಇಟ್ಟುಕೊಳ್ಳಬಹುದು. ಮೊದಲ ಸಲ ಅದನ್ನು ಜೋಡಿಸಿದ್ದು ಹೊಸನಗರದ ಒಂದು ಶಾಲೆಯಲ್ಲಿ. ಕೊನೆಗೂ ಎದುರಿನಿಂದ ನಾಟಕ ನೋಡುತ್ತೇನೆಂದು ಕುಣಿಯುತ್ತಿದ್ದೆ.

ನಮ್ಮ ನಾಯಕಿ ಅದೇ ಊರಿನ ಟೀಚರು. ಅವಳು ಮುಖಕ್ಕೆ ಬಣ್ಣ ಹಚ್ಚುವುದು ತಾಯಿಗೆ ಸುತಾರಾಂ ಇಷ್ಟವಿರಲಿಲ್ಲ. ಮದುವೆ ಗೊತ್ತಾಗಿತ್ತು, ಅದೇ ಕೊನೆಯ ನಾಟಕ. ಒಮ್ಮೆಯಾದರೂ ಬಂದು ನೋಡಮ್ಮ ಎಂದು ಅತ್ತು ಕರೆದು ಅಂತೂ ಒಪ್ಪಿಸಿದ್ದಳು. ಆ ತಾಯಿ ಎಲ್ಲರಿಗಿಂತ ಮೊದಲು ಬಂದು, ಮುಖ ಬಿಗಿದುಕೊಂಡು ಮುಂದಿನ ಬೆಂಚಿನಲ್ಲಿ ಕೂತರು.

ವೈರು ಉದ್ದ ಸಾಲದೆ ಎರಡು ತುಂಡು ಜೋಡಿಸಿದ್ದೆ. ನಡುವಿನ ಪ್ಲಗ್ಗು ಹೆಂಗಸರು ಕೂರುವ ಕಡೆ, ಗೋಡೆ ಬದಿಯ ನೆಲದ ಮೇಲಿತ್ತು. ಮಧ್ಯಾಹ್ನ ದೀಪ ಹಚ್ಚಿ ನೋಡುವಾಗ ಯಾರದ್ದೋ ಕಾಲು ತಾಗಿ ಅದು ಬಿಟ್ಟುಕೊಂಡು ವೇದಿಕೆ ಕತ್ತಲಾಗಿತ್ತು. ಹುರಿ ಸುತ್ತಿ ಬಿಗಿಯಾಗಿ ಕಟ್ಟಿದೆ. ಇನ್ನು ಯಾರು ತುಳಿದರೂ, ಎಳೆದರೂ ಅದು ಬಿಟ್ಟುಕೊಳ್ಳುವಂತಿರಲಿಲ್ಲ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ತಾಯಿಗೊಂದು ಕೆಲಸ ಕೊಟ್ಟರೆ ನಾಟಕದ ಮೇಲಿನ ಸಿಟ್ಟು ಇಳಿದೀತು ಎಂಬ ಅತಿಬುದ್ಧಿ ನನಗೆ ಹೊಳೆಯಿತು.

"ಅಮ್ಮಾ, ಸ್ವಲ್ಪ ಇಲ್ಲಿ ಬಂದು ಕೂತ್ಕೊಳ್ತೀರಾ? ಇದನ್ನ ಯಾರಾದ್ರೂ ತುಳಿದ್ರೆ ದೀಪ ಎಲ್ಲ ಹೋಗ್ತದೆ."

ಅವರು ಎದ್ದು ಬಂದು ಪ್ಲಗ್ಗಿನ ಪಕ್ಕ ಕೂತರು.

ನಾಟಕ ನಡೆಯುವಾಗ ಹಿಂದಿನಿಂದ ನೋಡಿದರೆ ಅವರ ತಲೆ ಬಗ್ಗಿಯೇ ಇತ್ತು. ಮಗಳತ್ತ ಕಣ್ಣೆತ್ತುವುದಿಲ್ಲವಲ್ಲ, ಎಂಥ ಹಟದ ಹೆಂಗಸಪ್ಪ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಮುಗಿದ ಮೇಲೆ ಮಗಳು ಬಣ್ಣದ ಮುಖದಲ್ಲೇ ಓಡಿ ಬಂದಳು. ನಾನು ಪಕ್ಕದಲ್ಲಿ ಪ್ಲಗ್ಗಿನ ಹುರಿ ಬಿಚ್ಚುತ್ತಿದ್ದೆ.

"ಹೆಂಗಿತ್ತಮ್ಮಾ?"

"ಒಂದು ಮಗುನೂ ತುಳಿಯಕ್ಕೆ ಬಿಡ್ಲಿಲ್ಲ ಕಣೇ."

"ಅದಲ್ಲ, ನನ್ನ ಪಾರ್ಟು?"

"ಅದನ್ನೆಲ್ಲಿ ನೋಡ್ತಾ ಕೂರೂದು! ನಾನು ಆ ಕಡೆ ನೋಡ್ದಾಗ ದೀಪ ಹೋಗಿದ್ರೆ? ಅಷ್ಟು ಜನದ ಎದುರು ನೀನು ಕತ್ತಲಲ್ಲಿ ನಿಂತ್ಕೋಬೇಕಿತ್ತಾ?"

ಮಗಳು ನಕ್ಕಳು, ಆಮೇಲೆ ಗೋಡೆ ಕಡೆ ತಿರುಗಿ ನಿಂತಳು. ಹುರಿ ಕಟ್ಟಿದ್ದರಿಂದ ಕಾವಲೇ ಬೇಕಿರಲಿಲ್ಲ ಎಂದು ಆಗಲೇ ಹೇಳಬೇಕಿತ್ತು. ತಾಯಿಯ ಮುಖದಲ್ಲಿದ್ದ ಹೆಮ್ಮೆ ನೋಡಿ ಬಾಯಿ ಬರಲಿಲ್ಲ ಎಂದುಕೊಳ್ಳುತ್ತೇನೆ; ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಆ ನಾಚಿಕೆ ಇನ್ನೂ ಹೋಗಿಲ್ಲ.

ಅವಳು ಮದುವೆಯಾಗಿ ಹೋದಳು, ಮತ್ತೆ ಬಣ್ಣ ಹಚ್ಚಲಿಲ್ಲ. ಒಂದೆರಡು ವರ್ಷದ ಮೇಲೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ಆ ತಾಯಿ ಸಿಕ್ಕಿದರು. ಹೊಸನಗರದ ಬಸ್ಸು ಹೊರಡಲು ಇನ್ನೂ ಹೊತ್ತಿತ್ತು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು:

"ನೀನು ಹಿಂದೆ ಕೂತು ಪೂರ್ತಿ ನೋಡಿದ್ಯಲ್ಲ ಮಾರಾಯ. ಕೊನೆಗೆ ಅವಳು ಅತ್ತಾಗ ಜನ ಎಲ್ಲ ಸುಮ್ನಾಗಿದ್ರು. ಮುಖ ಹೆಂಗೆ ಮಾಡಿದ್ಲು, ಹೇಳು."

ನೀಲಿ ಬೆಳಕು ಎಲ್ಲಿಂದ ಬಂತು, ಹಣೆಯ ಮೇಲೆ ಎಷ್ಟು ಬಿತ್ತು, ಹಳದಿ ಎಷ್ಟು ನಿಧಾನವಾಗಿ ಆರಿತು, ಎಲ್ಲ ನೆನಪಿತ್ತು. ಮುಖ ನೆನಪಾಗಲಿಲ್ಲ. ನಾನು ಕೂಡ ಅವಳನ್ನು ನೋಡಿರಲಿಲ್ಲ, ಬೆಳಕನ್ನು ನೋಡಿದ್ದೆ.

"ತುಂಬ ಚೆನ್ನಾಗಿ ಮಾಡಿದ್ಲು ಅಮ್ಮಾ," ಎಂದೆ.

ಇನ್ನೂ ಏನೋ ಹೇಳುತ್ತೇನೆಂದು, ಬಸ್ಸು ಹಾರ್ನ್ ಹಾಕುವವರೆಗೂ ಅವರು ನನ್ನ ಮುಖವನ್ನೇ ನೋಡುತ್ತ ಕೂತಿದ್ದರು.