ನದಾಫರ ಹುಡುಗಿ ಹುಟ್ಟು ಹಿಡಿದಳು

ಕೊಣ್ಣೂರಿನಲ್ಲಿ ಗಾದಿ ಮುಕ್ತಾರ ಎಂದರೆ ಗೊತ್ತಿಲ್ಲದವರಿಲ್ಲ. ಅವನು ಹತ್ತಿ ಹಿಂಜಿ, ತುಂಬಿ, ದಬ್ಬಳದಿಂದ ಹೊಲಿದು ಕೊಟ್ಟ ಗಾದಿ ಮದುವೆಯಲ್ಲಿ ಬಂದದ್ದು ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ಜನ ಹೇಳುತ್ತಾರೆ. ಹೆಂಡತಿ ಮದಿನಾಬಿ ಪಡಸಾಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಹತ್ತಿ ಹಿಂಜುವ ನದಾಫರ ಮನೆಯಾದ್ದರಿಂದ ಒಳಗೂ ಕನ್ನಡ, ಹೊರಗೂ ಕನ್ನಡ. ಅವರಿಗೆ ಸಾಹಿರಾ ಒಬ್ಬಳೇ ಮಗಳು. ಅಪ್ಪನ ಜೊತೆ ಗಾದಿ ಮಗುಚುತ್ತ, ಹೊರುತ್ತ, ಟೆಂಪೊಗೆ ಏರಿಸುತ್ತ ಬೆಳೆದವಳು. ಹದಿನಾಲ್ಕು ತುಂಬುವುದರೊಳಗೆ ಅವಳ ಬೆನ್ನು ಎಷ್ಟು ಅಗಲವಾಗಿತ್ತೆಂದರೆ, ಕುಪ್ಪಸದ ಅಳತೆ ತೆಗೆಯುವಾಗ ಮದಿನಾಬಿ ಪಟ್ಟಿಯನ್ನು ಎರಡು ಸಲ ಹಿಡಿದು ನೋಡಿದ್ದಳು.

೨೦೧೯ರ ಶ್ರಾವಣದಲ್ಲಿ ಘಟಪ್ರಭೆ ಊರೊಳಗೆ ಬಂತು. ಬಕ್ರೀದಿಗೆ ಇನ್ನು ನಾಲ್ಕೈದು ದಿನವಿತ್ತು. ಸಾಹಿರಾ ಆಗ ಗೋಕಾಕದ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷ. ಬೆಳಿಗ್ಗೆ ಹೊಸ್ತಿಲಲ್ಲಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕಿಟಕಿ ಮುಟ್ಟಿತು. ಅಂಗಡಿಯ ಹತ್ತಿಯೆಲ್ಲ ನೆನೆದು ಕಲ್ಲಿನಂತೆ ಕೆಳಗೆ ಕೂತಿತು. ಮನೆಯವರು ಅಜ್ಜಿಯನ್ನು ಎತ್ತಿಕೊಂಡು ಮಾಳಿಗೆ ಹತ್ತಿ ಕೂತಿದ್ದಾಗ ಓಣಿಯೊಳಗೆ ಒಂದು ದೋಣಿ ಬಂತು. ಹುಟ್ಟು ಹಾಕುತ್ತಿದ್ದವನು ತುಕ್ಕಾನಟ್ಟಿಯ ಶೆಟ್ಟೆಪ್ಪ, ಸೈನ್ಯದಿಂದ ನಿವೃತ್ತನಾಗಿ ಬಂದ ಹವಾಲ್ದಾರ. ಜೊತೆಗಿದ್ದ ಇನ್ನೊಬ್ಬ ಆಗಲೇ ದಣಿದು ಭುಜ ಹಿಡಿದುಕೊಂಡಿದ್ದ.

ಎಲ್ಲರೂ ಹತ್ತಿದ ಮೇಲೆ ದೋಣಿ ಭಾರವಾಯಿತು. ಓಣಿ ದಾಟಿ ದೊಡ್ಡ ರಸ್ತೆಗೆ ಬರುತ್ತಲೇ ಸೆಳವು ಹಿಡಿದು ಎಳೆಯತೊಡಗಿತು. ಆ ಇನ್ನೊಬ್ಬನ ಕೈಯಿಂದ ಹುಟ್ಟು ಜಾರಿತು. ಮುಕ್ತಾರ ತಾಯಿಯನ್ನು ತಬ್ಬಿ ಹಿಡಿದಿದ್ದ, ಬಿಡುವಂತಿರಲಿಲ್ಲ. ಸಾಹಿರಾ ಬಗ್ಗಿ ಹುಟ್ಟು ಹಿಡಿದು ಶೆಟ್ಟೆಪ್ಪನ ಬಾಜೂ ಕೂತಳು.

"ಬರ್ತೈತೇನ ತಂಗಿ?" ಎಂದು ಶೆಟ್ಟೆಪ್ಪ ಕೇಳಿದ.

"ಬರೂದಿಲ್ರಿ. ನೀವು ಹೇಳ್ರಿ, ಮಾಡ್ತೇನಿ."

"ನಾ ಬಗ್ಗಿದಾಗ ಬಗ್ಗು. ನಾ ಎಳದಾಗ ಎಳಿ. ನೀರ ನೋಡಬ್ಯಾಡ, ನನ್ನ ಕೈ ನೋಡು."

ಅವಳು ಅವನ ಕೈ ನೋಡಿದಳು. ಮೊದಲು ದೋಣಿ ಅಡ್ಡ ತಿರುಗಿತು, ಆಮೇಲೆ ನೆಟ್ಟಗಾಯಿತು, ಆಮೇಲೆ ಸೆಳವಿಗೆ ಎದುರಾಗಿ ಒಂದೊಂದೇ ಮಾರು ಮುಂದೆ ಸಾಗಿತು. ಎತ್ತರದಲ್ಲಿದ್ದ ಸಾಲೆಯ ಮೆಟ್ಟಿಲಿಗೆ ಬಂದು ತಾಗಿದಾಗ ಅವಳ ಅಂಗೈಯ ತೊಗಲು ಕಿತ್ತುಹೋಗಿತ್ತು. ಅಜ್ಜಿಯನ್ನು ಇಳಿಸಿ, ದೋಣಿ ತಿರುಗಿಸುವ ಮೊದಲು ಶೆಟ್ಟೆಪ್ಪ ಮುಕ್ತಾರನಿಗೆ ಒಂದು ಮಾತು ಹೇಳಿದ. "ಸೈನ್ಯದಾಗ ನಾ ಹುಡುಗರಿಗೆ ಇದನ್ನ ಕಲಸ್ತಿದ್ದೆ. ಇಷ್ಟು ಲಗೂ ತಾಳ ಹಿಡದವ್ರು ಭಾಳ ಮಂದಿ ಇಲ್ರಿ. ಪೂರ ಇಳದ ಮ್ಯಾಲ ಆಕಿನ್ನ ಹಿಡಕಲ್‌ಕ ನನ್ನ ಕಡೆ ಕಳಸ್ರಿ, ದೋಣಿ ಕಲಸ್ತೇನಿ."

ಪೂರವೂ ಇಳಿಯಿತು, ನದಿ ದಂಡೆಯೊಳಗೆ ಸೇರಿತು. ಮನೆಯ ಕೆಸರು ಬಳಿದು, ಗೋಡೆ ಒಣಗಿ, ಮುಕ್ತಾರ ಮತ್ತೆ ಹತ್ತಿ ತಂದು ಕೂತ. ಸಾಹಿರಾ ಪಿಯುಸಿ ಮುಗಿಸಿ ನಿಡಸೋಸಿಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ಸೇರಿಕೊಂಡಳು. ಊರಿಗೆ ಬಂದ ನೀರನ್ನು ಕಂಡವಳಿಗೆ ಬೇರೆ ವಿಷಯ ಹೊಳೆಯಲಿಲ್ಲ. ಹಾಸ್ಟೆಲಿನಿಂದ ಹಿಡಕಲ್ ಜಲಾಶಯ ದೂರವಿರಲಿಲ್ಲ. ಹಿನ್ನೀರಿನ ದಂಡೆಯಲ್ಲಿ ಶೆಟ್ಟೆಪ್ಪ ಒಂದು ತಗಡಿನ ಶೆಡ್ ಹಾಕಿಕೊಂಡು, ಹಳೆಯ ರೇಸಿನ ದೋಣಿಗಳನ್ನು ತಂದಿಟ್ಟು, ಬಂದವರಿಗೆ ಕಲಿಸುತ್ತಿದ್ದ.

ರೇಸಿನ ದೋಣಿ ಎಂದರೆ ಪೂರದಲ್ಲಿ ಬಂದ ಅಗಲ ದೋಣಿಯಲ್ಲ. ಒಬ್ಬರೇ ಕೂರುವಂಥದ್ದು, ಸೊಂಟದಷ್ಟೇ ಅಗಲ, ನಾಲ್ಕಾಳಿಗಿಂತ ಹೆಚ್ಚು ಉದ್ದ. ಕೂರುವ ಸೀಟು ಹಿಂದೆ ಮುಂದೆ ಜಾರುತ್ತದೆ. ಎರಡು ಕೈಗೆ ಎರಡು ಹುಟ್ಟು. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಸಾಹಿರಾ ಕೂತಳು, ಉಸಿರು ಬಿಟ್ಟಳು, ದೋಣಿ ಮಗುಚಿ ನೀರಿಗೆ ಬಿದ್ದಳು. ಮತ್ತೆ ಹತ್ತಿದಳು, ಮತ್ತೆ ಬಿದ್ದಳು. ಶೆಟ್ಟೆಪ್ಪ ದಂಡೆಯ ಮೇಲೆ ಚಹಾ ಕುಡಿಯುತ್ತ ನಿಂತಿದ್ದ.

"ನಗಾಕತ್ತೀರೇನ್ರಿ ಕಾಕಾ?"

"ಇಲ್ಲವಾ. ನೀ ಬೀಳೂದು ಮುಗೀಲಿ ಅಂತ ಕಾಯಾಕತ್ತೇನಿ."

ಬೀಳುವುದು ಮುಗಿಯಲು ಒಂದು ತಿಂಗಳು ಹಿಡಿಯಿತು. ಎಲ್ಲರಂತೆ ಅವಳೂ ತೋಳಿನಿಂದ ಎಳೆಯುತ್ತಿದ್ದಳು. ಗಾದಿ ಎತ್ತುವಾಗ ಏನು ಮಾಡುತ್ತಿ ಎಂದು ಶೆಟ್ಟೆಪ್ಪ ಕೇಳಿದ. ಕಾಲು ಊರಿ, ತೊಡೆಯಿಂದ ಎತ್ತುತ್ತೇನೆ ಎಂದಳು. "ಹಂಗಾರ ಇಲ್ಲೂ ಅದನ್ನ ಮಾಡು. ಮೊದಲ ಕಾಲಿಂದ ಒದಿ. ಆಮ್ಯಾಲ ಬೆನ್ನು. ಕೈ ಕಡೀಕ." ಆ ಮಾತು ಮೈಗೆ ಹತ್ತಿದ ದಿನ ದೋಣಿಯ ಕೆಳಗೆ ನೀರು ಸರ್ರನೆ ಹರಿದು ಹೋಗುವ ಸದ್ದು ಮೊದಲ ಸಲ ಕೇಳಿಸಿತು. ದಂಡೆಗೆ ಬರಲು ಮನಸ್ಸಾಗದೆ ಕಾಲೇಜಿನ ಮೊದಲ ಪಾಠ ತಪ್ಪಿಸಿಕೊಂಡಳು.

ಬಟ್ಟೆಯ ಮಾತು ಬಂದದ್ದು ರೇಸಿಗೆ ಹೆಸರು ಕೊಟ್ಟಾಗ. ರೇಸಿನವರು ತೊಡುವುದು ತೋಳಿಲ್ಲದ, ಮೈಗೆ ಅಂಟಿದ ತುಂಡು ಉಡುಪು. ಸಾಹಿರಾ ಫೋನಿನಲ್ಲಿ ಚಿತ್ರ ತೋರಿಸಿ, ತನಗೆ ಅದು ಬೇಡವೆಂದೂ, ಆದರೆ ಸಡಿಲ ಬಟ್ಟೆ ಸೀಟಿನ ಗಾಲಿಗೆ ಸಿಕ್ಕುತ್ತದೆಂದೂ ಹೇಳಿದಳು. ಮದಿನಾಬಿ ಚಿತ್ರವನ್ನು ದೊಡ್ಡದು ಮಾಡಿ ಹೊಲಿಗೆಯ ಜಾಗಗಳನ್ನು ನೋಡಿದಳು. "ಇದರಾಗ ಏನೈತಿ. ತೋಳ ಇಳಸೂದು, ಕಾಲ ಇಳಸೂದು. ಬಟ್ಟಿ ಮಾತ್ರ ಜಗ್ಗೂವಂಥಾದ್ದ ಬೇಕು." ಬೆಳಗಾವಿಗೆ ಹೋಗಿ ತಾನೇ ಬಟ್ಟೆ ಆರಿಸಿ ತಂದು, ಮುಂಗೈಯಿಂದ ಹಿಮ್ಮಡಿಯವರೆಗೆ ಒಂದೇ ಉಡುಪು, ತಲೆಗೆ ಬಿಗಿಯಾದ ಟೊಪ್ಪಿಗೆ, ಎರಡನ್ನೂ ವಿಶ್ವವಿದ್ಯಾಲಯದ ಬಣ್ಣದಲ್ಲೇ ಹೊಲಿದು ಕೊಟ್ಟಳು. ಸಂಘಟಕರು ಅದನ್ನು ನೋಡಿ ಸರಿಯಿದೆ ಎಂದರು. ಮುಂದಿನ ವರ್ಷ ಬೇರೆ ರಾಜ್ಯದ ಇಬ್ಬರು ಹುಡುಗಿಯರು ಅಳತೆ ಕಳಿಸಿ ತಮಗೂ ಹೊಲಿಸಿಕೊಂಡರು.

ಆ ಮೊದಲ ಅಂತರ ವಿಶ್ವವಿದ್ಯಾಲಯ ರೇಸಿನಲ್ಲಿ ಸಾಹಿರಾ ಪೂರ್ವಸುತ್ತಿನಲ್ಲೇ ಕಡೆಯವಳಾಗಿ ಬಂದಳು. ಮುಂದೆ ಹೋದವರು ಎಷ್ಟು ದೂರವಿದ್ದರೆಂದರೆ, ಅವರು ದೋಣಿಯಿಂದ ಇಳಿದು ನೀರು ಕುಡಿಯುತ್ತಿದ್ದಾಗ ಇವಳು ಗೆರೆ ಮುಟ್ಟಿದ್ದಳು. ಊರಿಗೆ ಬರುವಷ್ಟರಲ್ಲಿ ಕಾಲೇಜಿನ ಫಲಿತಾಂಶವೂ ಬಂದಿತ್ತು. ಮೂರನೇ ಸೆಮಿಸ್ಟರಿನ ಗಣಿತದಲ್ಲಿ ನಪಾಸು.

ಮರುದಿನ ಹಿಡಕಲ್‌ಗೆ ಹೋದರೆ ಶೆಡ್ಡಿಗೆ ಬೀಗ. ಶೆಟ್ಟೆಪ್ಪ ಹೊರಗೆ ಕಟ್ಟೆಯ ಮೇಲೆ ಕೂತಿದ್ದ.

"ಗಣಿತ ಪಾಸಾಗು. ಕೀಲಿ ಕೊಡ್ತೇನಿ."

"ಕಾಕಾ, ಕೈ ಬಿಟ್ರ ತಾಳ ಹೋಗ್ತೈತಿ."

"ಹೋದ್ರ ಮತ್ತ ಬರ್ತೈತಿ. ಓದು ಹೋದ್ರ ಬರೂದಿಲ್ಲ. ನನ್ನ ಜೋಡಿ ಇದ್ದ ಚೊಲೊ ಚೊಲೊ ಹುಡುಗರು ಮೂವತ್ತಕ್ಕ ಮೈ ಸೋತು ಮನ್ಯಾಗ ಕುಂತಾರ. ನೀ ಹಂಗ ಆಗೂದು ಬ್ಯಾಡ."

ಸಾಹಿರಾ ಸಿಟ್ಟಿನಿಂದಲೇ ಹಾಸ್ಟೆಲಿಗೆ ಬಂದಳು. ಅವಳ ಖೋಲಿಯಲ್ಲಿದ್ದವಳು ಹುಕ್ಕೇರಿಯ ಲಕ್ಷ್ಮೀ, ಗಣಿತವನ್ನು ಹಾಡಿನಂತೆ ಬಿಡಿಸುವ ಹುಡುಗಿ. ಅಂದು ಅವಳು ಪುಸ್ತಕ ತೆಗೆದು ಪಕ್ಕದಲ್ಲಿ ಕೂತಳು. ಮೊದಮೊದಲು ಸಾಹಿರಾಳಿಗೆ ಸಮೀಕರಣಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಒಂದು ದಿನ ಅಲೆಗಳ ಲೆಕ್ಕ ಬಂತು. ಲಕ್ಷ್ಮೀ ಅರ್ಧ ಬಿಡಿಸಿ ನಿಂತಾಗ ಸಾಹಿರಾ ಉಳಿದದ್ದನ್ನು ತಾನೇ ಬಿಡಿಸಿದಳು.

"ಇದು ನನಗ ಗೊತ್ತೈತಿ," ಎಂದಳು. "ದೋಣಿ ಹೋದ ಮ್ಯಾಲ ಹಿಂದ ಏಳೂ ತೆರಿ ಹಿಂಗ ಇರ್ತೈತಿ. ದಿನಾ ನೋಡ್ತಿದ್ದೆ."

ಗಣಿತ ಪಾಸಾಯಿತು. ಅದಕ್ಕಿಂತ ಹೆಚ್ಚಾಗಿ, ನೀರಿನ ಹರಿವಿನ ಪಾಠ ಅವಳಿಗೆ ರುಚಿ ಹತ್ತಿಬಿಟ್ಟಿತು. ಬೆಳಿಗ್ಗೆ ಹಿನ್ನೀರಿನಲ್ಲಿ ದೋಣಿ, ಮಧ್ಯಾಹ್ನ ಪ್ರಯೋಗಶಾಲೆಯ ಕಾಲುವೆಯಲ್ಲಿ ಅದೇ ನೀರಿನ ಲೆಕ್ಕ. ರಾತ್ರಿ ಊಟಕ್ಕೆ ಎರಡು ರೊಟ್ಟಿ ಹೆಚ್ಚು ತಿನ್ನುತ್ತಾಳೆಂದು ಅಡುಗೆಯ ಯಮನವ್ವ ತಾನಾಗಿಯೇ ಅವಳಿಗೆ ತೆಗೆದಿಡುತ್ತಿದ್ದಳು. ಆ ವರ್ಷ ಅವಳು ರೇಸಿನ ಅಂತಿಮ ಸುತ್ತಿಗೆ ಬಂದಳು, ಅದರ ಮುಂದಿನ ವರ್ಷ ಕಂಚು ತಂದಳು. ಕಂಚನ್ನು ಮೊದಲು ಲಕ್ಷ್ಮೀಯ ಕೊರಳಿಗೆ ಹಾಕಿ ಫೋಟೊ ತೆಗೆಸಿದಳು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ತನ್ನ ಊರನ್ನೇ. ಹಿಡಕಲ್‌ನಿಂದ ಎಷ್ಟು ನೀರು ಬಿಟ್ಟರೆ ಕೊಣ್ಣೂರಿನಲ್ಲಿ ಯಾರ ಹೊಸ್ತಿಲು ಮುಟ್ಟುತ್ತದೆ ಎಂಬುದು ಅವಳ ಪ್ರಶ್ನೆ. ಲಕ್ಷ್ಮೀಯನ್ನು ಕರೆದುಕೊಂಡು ಬಂದು ಮನೆ ಮನೆಗೆ ಹೋದಳು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಜನ ಗೋಡೆಯ ಮೇಲೆ ಕೈಯಿಟ್ಟು ತೋರಿಸಿದರು. ಮುದುಕಿ ಕಾಡವ್ವ ದೇವರ ಜಗಲಿಯ ಪಕ್ಕದ ಕಲೆಯನ್ನು ಸುಣ್ಣ ಹಚ್ಚದೆ ಹಾಗೇ ಉಳಿಸಿಕೊಂಡಿದ್ದಳು. ಎಲ್ಲವನ್ನೂ ಅಳೆದು, ಓಣಿ ಓಣಿಯ ನಕಾಶೆ ಬರೆದು, ಬಣ್ಣ ತುಂಬಿ ತಂದಾಗ ವಿಭಾಗದಲ್ಲಿ ಅದಕ್ಕೇ ಮೊದಲ ಸ್ಥಾನ ಬಂತು. ಒಂದು ಪ್ರತಿಯನ್ನು ಕಿರಾಣಿ ಅಂಗಡಿಯ ಸತ್ಯಪ್ಪ ತನ್ನ ಬಾಗಿಲಲ್ಲಿ ತೂಗುಹಾಕಿದ.

೨೦೨೪ರ ಮಳೆಗಾಲದಲ್ಲಿ ನದಿ ಮತ್ತೆ ದಂಡೆ ಮೀರಿತು. ಈ ಸಲ ಜನ ಸತ್ಯಪ್ಪನ ಅಂಗಡಿಯ ಮುಂದೆ ನಿಂತು, ಅಣೆಕಟ್ಟಿನಿಂದ ಬಿಟ್ಟ ನೀರಿನ ಸುದ್ದಿಯನ್ನು ನಕಾಶೆಗೆ ಹೊಂದಿಸಿ ನೋಡಿ, ಹೊತ್ತಿರುವಾಗಲೇ ಸಾಮಾನು ಎತ್ತಿಕೊಂಡು ಹೊರಟರು. ಸಾಹಿರಾ ಹೇಳಿದ ಬಣ್ಣದ ಗೆರೆಯ ಹತ್ತಿರವೇ ನೀರು ಬಂದು ನಿಂತಿತು. ಒಂದೆರಡು ಮನೆಯ ವಿಷಯದಲ್ಲಿ ಲೆಕ್ಕ ತಪ್ಪಿತ್ತು. ಅದನ್ನು ಅವಳು ಅಂದೇ ಹೋಗಿ ಅಳೆದು ತಿದ್ದಿಕೊಂಡಳು. ಅದೇ ವರ್ಷ ಬೆಳಗಾವಿಯಲ್ಲಿ ಜಲಸಂಪನ್ಮೂಲದ ಎಂ.ಟೆಕ್. ಸೇರಿದಳು.

ಮರುವರ್ಷದ ಚಳಿಗಾಲದಲ್ಲಿ, ಚಂಡೀಗಡದ ಸರೋವರದಲ್ಲಿ, ಅಂತರ ವಿಶ್ವವಿದ್ಯಾಲಯದ ಅವಳ ದೊಡ್ಡ ರೇಸು ನಡೆಯಿತು. ಎರಡು ಕಿಲೋಮೀಟರ್, ಆರು ದೋಣಿ. ಶೆಟ್ಟೆಪ್ಪ ದಂಡೆಯ ಮೇಲಿದ್ದ. ಅರ್ಧ ದಾರಿಯವರೆಗೆ ಸಾಹಿರಾ ಎರಡನೆಯವಳು. ಅಷ್ಟರಲ್ಲಿ ಅಡ್ಡಗಾಳಿ ಎದ್ದು, ಒಂದು ತೆರೆ ಎಡಗೈ ಹುಟ್ಟನ್ನು ನುಂಗಿ ಹಿಡಿಯಿತು. ಹಿಡಿ ಪಕ್ಕೆಗೆ ಬಡಿಯಿತು, ದೋಣಿ ವಾಲಿತು, ಕಣ್ಣಿಗೆ ಕತ್ತಲೆ ಬಂತು. ಅಕ್ಕಪಕ್ಕದಲ್ಲಿದ್ದ ದೋಣಿಗಳು ಒಂದೊಂದಾಗಿ ಬೆನ್ನ ಹಿಂದಕ್ಕೆ ಸರಿದು ಮರೆಯಾದವು. ಕಣ್ಣಮುಂದೆ ಬರಿಯ ನೀರು ಉಳಿಯಿತು. ಅಂದರೆ ಅವಳೇ ಕಡೆಯವಳು.

ಗಾಬರಿಯಾಗಿ ಎಳೆದಿದ್ದರೆ ಮಗುಚುತ್ತಿದ್ದಳು. ಅವಳು ಎಳೆಯಲಿಲ್ಲ. ಎರಡೂ ಹುಟ್ಟನ್ನು ನೀರಿನ ಮೇಲೆ ಚಪ್ಪಟೆಯಾಗಿ ಮಲಗಿಸಿ ದೋಣಿ ಸುಮ್ಮನಾಗಲು ಬಿಟ್ಟಳು. ಒಂದು ಸಲ ನಿಧಾನಕ್ಕೆ ಒದ್ದಳು. ಇನ್ನೊಂದು ಸಲ. ಮೂರನೆಯದಕ್ಕೆ ಕಾಲಿನ ಬಲವೆಲ್ಲ ಕೂಡಿಸಿ ಒದ್ದಳು. ಪಕ್ಕೆಯಲ್ಲಿ ಉರಿ ಏಳುತ್ತಿತ್ತು, ತಾಳ ಮಾತ್ರ ಕೆಡಲಿಲ್ಲ. ಬಲಗಡೆಯಿಂದ ಒಂದು ದೋಣಿಯ ಹಿಂತುದಿ ಕಣ್ಣಿಗೆ ಬಿತ್ತು, ಆಮೇಲೆ ಅದರಲ್ಲಿದ್ದವಳ ಭುಜ, ಆಮೇಲೆ ಬೆನ್ನು. ಒಬ್ಬಳನ್ನು ದಾಟಿದ್ದಳು. ಆಮೇಲೆ ಎಡಗಡೆ ಇನ್ನೊಬ್ಬಳು. ಹೀಗೆ ನಾಲ್ವರು ಅವಳ ಕಣ್ಣಮುಂದಕ್ಕೆ ಬಂದರು. ಐದನೆಯವಳ ಉಸಿರು ಪಕ್ಕದಲ್ಲೇ ಕೇಳುತ್ತಿತ್ತು, ಬೆನ್ನು ಕಾಣುತ್ತಿರಲಿಲ್ಲ. ಗೆರೆ ದಾಟಿದಾಗ ಭೋಂಗಾ ದೋಣಿಗೊಂದರಂತೆ ಎರಡು ಸಲ ಕೂಗಿತು. ಎರಡರ ನಡುವೆ ಕಣ್ಣೆವೆ ಬಡಿಯುವಷ್ಟೂ ಹೊತ್ತಿರಲಿಲ್ಲ. ಮೊದಲನೆಯದು ಯಾರದೆಂದು ತಿಳಿಯದೆ ಸಾಹಿರಾ ಹುಟ್ಟುಗಳ ಮೇಲೆ ಬಗ್ಗಿ ಬಿದ್ದಿದ್ದಳು. ದಂಡೆಯಲ್ಲಿ ಶೆಟ್ಟೆಪ್ಪ ಟೊಪ್ಪಿಗೆ ತೆಗೆದು, ಸೈನ್ಯದವರಂತೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದಾಗ ಅವಳಿಗೆ ತಿಳಿಯಿತು.

ಮನೆಗೆ ಫೋನ್ ಮಾಡಿದರೆ ಮುಕ್ತಾರ "ಹಾಂ, ಹಾಂ" ಎಂದ. ಫೋನನ್ನು ಹೆಂಡತಿಗೆ ಕೊಟ್ಟ.

"ಪಕ್ಕಡಿಗೆ ಪೆಟ್ಟಾಗೇತಂತ ಶೆಟ್ಟೆಪ್ಪಣ್ಣಾರು ಹೇಳಿದ್ರು. ಅರಿಷಿಣ ಹಚ್ಚಿದಿ ಏನ?"

"ಅವ್ವಾ, ನಾ ಗೆದ್ದೇನಿ. ಬಂಗಾರದ ಪದಕ."

"ಅದು ಗೊತ್ತಾತು, ಓಣಿ ತುಂಬ ಹೇಳಿ ಬಂದೇನಿ. ಅರಿಷಿಣ ಹಚ್ಚಿದಿ ಏನಂತ ಕೇಳಾಕತ್ತೇನಿ."

ಆ ಬೇಸಿಗೆಯಲ್ಲಿ ಸಾಹಿರಾ ದೇಶದ ವಿಶ್ವವಿದ್ಯಾಲಯಗಳ ತಂಡದ ಜೊತೆ ಹೊರದೇಶಕ್ಕೂ ಹೋಗಿ ಬಂದಳು. ಅಲ್ಲಿ ಪದಕವಿಲ್ಲ, ಒಂಬತ್ತನೆಯ ಸ್ಥಾನ. ಅವಳಿಗಿಂತ ಒಂದು ಮೊಳ ಎತ್ತರದ ಹುಡುಗಿಯರ ನಡುವೆ ಒಂಬತ್ತನೆಯವಳಾಗಿ ಬಂದದ್ದನ್ನು ಅವಳು ತಲೆ ಎತ್ತಿಯೇ ಹೇಳುತ್ತಾಳೆ. ಎಂ.ಟೆಕ್. ಕೂಡ ಒಳ್ಳೆಯ ಅಂಕಗಳಿಂದ ಮುಗಿಯಿತು. ಈಗ ಘಟಪ್ರಭೆಯ ಪೂರದ ಮೇಲೆಯೇ ಪಿಎಚ್.ಡಿ. ನಡೆದಿದೆ, ಜೊತೆಗೆ ರಾಷ್ಟ್ರೀಯ ಶಿಬಿರದ ತಯಾರಿಯೂ.

ಮಗಳು ದೋಣಿಯಲ್ಲಿ ಹೋಗುವುದನ್ನು ಮದಿನಾಬಿ ಎಂದೂ ಕಣ್ಣಾರೆ ಕಂಡಿರಲಿಲ್ಲ. ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ಗಂಡನ ಜೊತೆ ಹಿಡಕಲ್‌ಗೆ ಬಂದಳು. ಶೆಡ್ಡಿನಿಂದ ದೋಣಿ ಹೊರಗೆ ತರುವಾಗ ತಾನೂ ಒಂದು ತುದಿಗೆ ಕೈಕೊಟ್ಟು, ಅಷ್ಟು ಉದ್ದದ ದೋಣಿ ಸಲೀಸಾಗಿ ಮೇಲೆದ್ದದ್ದಕ್ಕೆ ಬೆರಗಾದಳು.

"ಇಷ್ಟ ಹಗೂರೇನ ಇದು? ಇದರ ಮ್ಯಾಲ ಕುಂತು ಗೆದ್ದು ಬರ್ತಿ?"

"ಹೂಂ ಅವ್ವಾ."

ಸಾಹಿರಾ ಹತ್ತಿ ಕೂತು, ಹುಟ್ಟುಗಳನ್ನು ಸರಿಮಾಡಿಕೊಂಡು, ತಾಯಿಯ ಕಡೆ ಮುಖ ಮಾಡಿಯೇ ದೂರ ಸರಿಯತೊಡಗಿದಳು. ಕಾಲು ಒದ್ದಿತು, ಬೆನ್ನು ಬಿಚ್ಚಿಕೊಂಡಿತು, ದೋಣಿ ಓಡಿತು. ಮುಕ್ತಾರ ಕಲ್ಲಿನ ಮೇಲೆ ಕೂತ. ಮದಿನಾಬಿ ಸೆರಗು ಬಿಗಿಮಾಡಿಕೊಂಡು ನೀರಿನ ಅಂಚಿನಲ್ಲೇ ನಿಂತಳು.

"ಕುಂದರ್ರಿ ಅಕ್ಕಾರ," ಎಂದ ಶೆಟ್ಟೆಪ್ಪ. "ಆಕಿ ಆಚಿ ದಂಡಿ ಮುಟ್ಟಿ ಬರಾಕ ಇನ್ನೂ ಭಾಳ ಹೊತ್ತೈತಿ."

"ಇರ್ಲಿ ಬಿಡ್ರಿ," ಎಂದಳು ಮದಿನಾಬಿ, ಕಣ್ಣು ತೆಗೆಯದೆ. "ನಿಂತ ನೋಡ್ತೇನಿ."