ದಪ್ಪ ಮಾಡಿದ ಏಳು ಗೆರೆಗಳು

ಸಫಿಯಾ, ಆ ಸೆಮಿಫೈನಲಿನಲ್ಲಿ ನೀನು ಕಳೆದುಕೊಂಡದ್ದು ಹನ್ನೊಂದು ಚೆಂಡುಗಳಲ್ಲ, ನಾಲ್ಕು. ಉಳಿದ ಏಳನ್ನು ಕಳೆದವಳು ನಾನು — ಮೈದಾನದಲ್ಲಿ ಅಲ್ಲ, ದೋಹಾದ ಬಿನ್ ಒಮ್ರಾನ್‌ನ ನಮ್ಮ ಹಳೆಯ ಫ್ಲ್ಯಾಟಿನ ಡೈನಿಂಗ್ ಟೇಬಲಿನಲ್ಲಿ ಕೂತು, ಒಂದು ಮೆತ್ತನೆಯ ಪೆನ್ಸಿಲಿನಿಂದ.

ಇದನ್ನು ಇಂಗ್ಲಿಷಿನಲ್ಲಿ ಎಷ್ಟೋ ಸಲ ಡ್ರಾಫ್ಟ್ ಮಾಡಿ ಹರಿದಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ಅದು ಆಫೀಸ್ ಲೆಟರ್ ಆಗಿಬಿಡುತ್ತದೆ — ವಿ ರಿಗ್ರೆಟ್ ಟು ಇನ್‌ಫಾರ್ಮ್ ಯೂ — ಮೂವತ್ತು ವರ್ಷ ಅದನ್ನೇ ಟೈಪ್ ಮಾಡಿದ ಕೈ ಇದು. ನನ್ನ ಮನೆಯಲ್ಲಿ ಕೊಂಕಣಿ, ನಿನ್ನ ಮನೆಯಲ್ಲಿ ಬ್ಯಾರಿ. ನಮ್ಮಿಬ್ಬರ ನಡುವೆ ಇದ್ದದ್ದು ಕನ್ನಡ. ನಿನಗೆ ಸುಳ್ಳು ಹೇಳಿದ್ದೂ ಕನ್ನಡದಲ್ಲೇ.

ನಿನಗೆ ಎಲ್ಲವೂ ನೆನಪಿರಬಹುದು. ಆದರೂ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ನಿನ್ನ ಮಗಳೂ ಇದನ್ನು ಓದಬೇಕು.

ನಮ್ಮ ಕಂಪನಿಯ ಇಂಜಿನಿಯರ್ ಮಿಸ್ಟರ್ ಕೀನ್ ಐರ್ಲೆಂಡಿನವರು. ಅವರಿಗೆ ದೋಹಾದಲ್ಲಿ ಹರ್ಲಿಂಗ್ ಕ್ಲಬ್ ನಡೆಸುವ ಹುಚ್ಚು. ಕೈಯಲ್ಲಿ ಚಪ್ಪಟೆ ತುದಿಯ ಮರದ ಕೋಲು, ಗಟ್ಟಿ ಚರ್ಮದ ಸಣ್ಣ ಚೆಂಡು. ಹಾಕಿಯೂ ಅಲ್ಲದ ಕ್ರಿಕೆಟ್ಟೂ ಅಲ್ಲದ ಆಟ. ಹೆಣ್ಣುಮಕ್ಕಳ ತಂಡಕ್ಕೆ ಐರಿಷ್ ನರ್ಸುಗಳೂ ಟೀಚರುಗಳೂ ಸೇರಿದರೂ ಜನ ಸಾಲಲಿಲ್ಲ. ಆಗ ಅವರು ಆಫೀಸಿನವರ ಹೆಣ್ಣುಮಕ್ಕಳನ್ನು ಕರೆದರು. ಸ್ಟೋರ್ಸ್ ನೋಡುತ್ತಿದ್ದ ನಿನ್ನ ಬಾಪ ನಿನ್ನನ್ನು ಕಳಿಸಿದರು, ನಾನು ನನ್ನ ಅನಿತಾಳನ್ನು ಕಳಿಸಿದೆ. ನೀನು ಗೋಲ್‌ಕೀಪರ್ ಆದೆ. ಅವಳು ನಿನ್ನ ರಿಸರ್ವ್.

ನನ್ನ ಕೆಲಸ ಆಟದ ಲೆಕ್ಕದ ಪುಸ್ತಕ ಬರೆಯುವುದು. ಚೆಂಡು ಅಡ್ಡಗೆರೆ ದಾಟಿ ಹೊರಗೆ ಹೋದಾಗಲೆಲ್ಲ ಗೋಲ್‌ಕೀಪರ್ ಅದನ್ನು ಮತ್ತೆ ಆಟಕ್ಕೆ ಹೊಡೆಯಬೇಕು — ಪಕ್-ಔಟ್. ಆ ಚೆಂಡು ನಮ್ಮವರಿಗೆ ಸಿಕ್ಕಿತೇ, ಎದುರಾಳಿಗೆ ಹೋಯಿತೇ? ಮ್ಯಾಚಿನ ಸೋಲು-ಗೆಲುವು ನಿಂತಿರುವುದು ಅದರ ಮೇಲೆ ಎಂದು ಕೀನ್ ನಂಬಿದ್ದರು. ನಾನು ಶಾರ್ಟ್‌ಹ್ಯಾಂಡ್ ಕಲಿತವಳು. ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ಬಿಯಾಟ್ರಿಸ್ ಬೆರಳಿಗೆ ಸ್ಕೇಲಿನಲ್ಲಿ ಹೊಡೆದು ಕಲಿಸಿದ್ದು ಒಂದೇ ಪಾಠ: ತೆಳು ಗೆರೆ ಒಂದು ಅಕ್ಷರ, ಅದೇ ಗೆರೆ ದಪ್ಪವಾದರೆ ಬೇರೆ ಅಕ್ಷರ. ನಾನು ಅದನ್ನೇ ಮೈದಾನಕ್ಕೆ ತಂದೆ. ತೆಳು ಗೆರೆ — ಚೆಂಡು ನಮಗೆ. ದಪ್ಪ ಗೆರೆ — ಚೆಂಡು ಹೋಯಿತು. ಸಣ್ಣ ಹೊಡೆತಕ್ಕೆ ಗಿಡ್ಡ ಗೆರೆ, ಉದ್ದದ್ದಕ್ಕೆ ಉದ್ದ ಗೆರೆ. ಧೂಳಿನಲ್ಲಿ, ಬೆವರಿನಲ್ಲಿ, ಕಣ್ಣು ಎತ್ತದೆ ಬರೆಯಬಹುದಿತ್ತು. ಅದನ್ನು ಓದಬಲ್ಲವಳು ಇಡೀ ಕ್ಲಬ್ಬಿನಲ್ಲಿ ನಾನೊಬ್ಬಳೇ.

ಸೆಮಿಫೈನಲ್ ಗೆದ್ದೆವು; ಅದರಲ್ಲಿ ನೀನು ಉದ್ದಕ್ಕೂ ಹೊಡೆದೆ, ಸಣ್ಣಗೂ ಹೊಡೆದೆ. ಫೈನಲಿಗೆ ಎದುರಿದ್ದದ್ದು ಅಬುಧಾಬಿಯ ತಂಡ. ಎತ್ತರದ ಹುಡುಗಿಯರು, ಉದ್ದಕ್ಕೆ ಹೊಡೆದ ಚೆಂಡೆಲ್ಲ ಅವರ ಕೈಗೇ. ಹಾಗಾಗಿ ಕೀನ್ ತಂತ್ರ ಬದಲಿಸಿದರು. ಉದ್ದಕ್ಕೆ ಬೇಡ, ಶಾರ್ಟ್ ಪಕ್-ಔಟ್ — ಪಕ್ಕದ ಡಿಫೆಂಡರ್‌ಗೆ ಸಣ್ಣಗೆ, ನಿಖರವಾಗಿ. ಅದು ಯಾರ ಕೈಯಲ್ಲಿ ಆಗುತ್ತದೋ ಅವಳೇ ಗೋಲಿನಲ್ಲಿ. ಅಂದರೆ ನೀನು. ಅದರಲ್ಲಿ ಯಾರಿಗೂ ಡೌಟ್ ಇರಲಿಲ್ಲ.

ಅನಿತಾ ಆ ತಿಂಗಳ ಕೊನೆಗೆ ದೋಹಾ ಬಿಡುವವಳಿದ್ದಳು. ಎರಡು ಸೀಸನ್ ಬೆಂಚಿನಲ್ಲಿ ಕೂತು ನಿನ್ನ ವಾಟರ್ ಬಾಟಲ್ ತುಂಬಿಸಿದವಳು. ಒಂದೇ ಒಂದು ಫೈನಲ್ ಅವಳು ಆಡುವುದನ್ನು ಈ ತಾಯಿಯ ಕಣ್ಣು ನೋಡಲಿ, ನಿನಗೆ ಮುಂದಿನ ವರ್ಷ ಇದೆಯಲ್ಲ ಎಂದುಕೊಂಡೆ. ಅಷ್ಟೇ ಯೋಚಿಸಿದ್ದು. ಪುಸ್ತಕ ತೆರೆದು ಏಳು ಗಿಡ್ಡ ತೆಳು ಗೆರೆಗಳ ಮೇಲೆ ಪೆನ್ಸಿಲ್ ಇನ್ನೊಮ್ಮೆ ಒತ್ತಿದೆ. ಒಂದು ನಿಮಿಷವೂ ಹಿಡಿಯಲಿಲ್ಲ.

ಮರುದಿನ ಆಫೀಸಿನಲ್ಲಿ ಕೀನ್ ಕೇಳಿದರು: "ವೆಲ್, ಮಿಸೆಸ್ ಡಿಸೋಜ, ವಾಟ್ ಡಸ್ ದ ಬುಕ್ ಸೇ?"

"ಇಲೆವೆನ್ ಲಾಸ್ಟ್, ಸರ್. ಔಟ್ ಆಫ್ ನೈನ್‌ಟೀನ್."

ಅವರು ಕನ್ನಡಕ ತೆಗೆದು ಒರೆಸಿದರು. ಅಷ್ಟು ಹೋದದ್ದು ಅವರಿಗೆ ನೆನಪಿರಲಿಲ್ಲ. ಆದರೆ ಪುಸ್ತಕವನ್ನು ನಂಬಿದರು — ನನ್ನನ್ನು ನಂಬಿದರು. ಫೈನಲಿಗೆ ನಿನ್ನ ಬದಲು ಅನಿತಾಳನ್ನು ಗೋಲಿಗೆ ಹಾಕಿದರು.

ಇಷ್ಟೇ ಆಗಿದ್ದರೆ ಇದನ್ನು ಕನ್ಫೆಷನ್ ಬಾಕ್ಸಿನಲ್ಲಿ ಹೇಳಿ ಎದ್ದು ಬರುತ್ತಿದ್ದೆನೋ ಏನೋ. ಆದರೆ ಆ ಸಂಜೆ ನೀನು ನಮ್ಮ ಮನೆಗೆ ಬಂದೆ. ಶೂ ಬಿಚ್ಚದೆ ಬಾಗಿಲಲ್ಲೇ ನಿಂತೆ.

"ಆಂಟಿ, ಎಂತ ಇದು? ಅಷ್ಟು ಹೋಯ್ತಾ ನನ್ನದು? ನನಗೆ ನಾಲ್ಕೇ ನೆನಪಿರುವುದು. ಒಂದೊಂದು ಹೇಳ್ಲಿಕ್ಕೂ ಆಗ್ತದೆ ಎಲ್ಲಿ ಬಿತ್ತು ಅಂತ."

ನಿನ್ನ ಲೆಕ್ಕ ಸರಿಯಾಗಿತ್ತು, ಸಫಿಯಾ. ಆ ಬಿಸಿಲಿನಲ್ಲಿ, ಹೆಲ್ಮೆಟ್ಟಿನೊಳಗೆ ಬೆವರುತ್ತ ಹತ್ತೊಂಬತ್ತು ಚೆಂಡುಗಳನ್ನೂ ನೀನು ನೆನಪಿಟ್ಟಿದ್ದೆ. ನಾನು ಹೇಳಿದ್ದು: "ಮಗಾ, ಆಡುವವರಿಗೆ ಹಾಗೇ ಅನ್ನಿಸುವುದು. ಪುಸ್ತಕ ಸುಳ್ಳು ಹೇಳುವುದಿಲ್ಲ."

ನೀನು ಜಗಳ ಮಾಡಲಿಲ್ಲ. "ಹಾಗಾದ್ರೆ ನನಗೇ ಗೊತ್ತಾಗ್ಲಿಲ್ಲ ಕಾಣ್ತದೆ" ಎಂದು ನಕ್ಕು ಮೆಟ್ಟಿಲಿಳಿದೆ. ಲಿಫ್ಟ್ ಇತ್ತು, ಆದರೂ ಮೆಟ್ಟಿಲಿಳಿದು ಹೋದೆ. ನಾನು ಕೇಳಿಸಿಕೊಳ್ಳುತ್ತಾ ನಿಂತಿದ್ದೆ — ಮೂರು ಮಹಡಿ.

ಫೈನಲಿನಲ್ಲಿ ಅನಿತಾ ಆಡಿದಳು. ಸಣ್ಣ ಹೊಡೆತಗಳಲ್ಲಿ ಅರ್ಧ ಹಾಳು ಮಾಡಿದಳು. ಮುಂದಿನ ಸಾಲಿನವರು ಹೇಗೋ ಎಳೆದು ಒಂದು ಪಾಯಿಂಟಿನಿಂದ ಗೆದ್ದರು. ಸೋತಿದ್ದರೆ ಅಂದೇ ಹೇಳಿಬಿಡುತ್ತಿದ್ದೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಇಲ್ಲ, ಹೇಳುತ್ತಿರಲಿಲ್ಲ. ನೀನು ಬೌಂಡರಿಯಲ್ಲಿ ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ಮುಂದಿನ ವರ್ಷ ಪ್ರಾಕ್ಟೀಸಿಗೆ ಬರಲಿಲ್ಲ. ಆ ಮುಂದಿನ ವರ್ಷವೂ.

ಈಗ ನಾನು ದೋಹಾದ ಹೊರವಲಯದ ಅಲ್ ವುಕೈರ್‌ನಲ್ಲಿ ಮಗನ ಮನೆಯಲ್ಲಿದ್ದೇನೆ. ಮೊಣಕಾಲು ನೋವು, ಸುಸ್ತು, ಎರಡು ಹೆಜ್ಜೆಗೆ ಒಂದು ಕುರ್ಚಿ ಬೇಕು. ಆದರೂ ಶುಕ್ರವಾರ ಮೈದಾನಕ್ಕೆ ಹೋಗುತ್ತೇನೆ, ಹಳೆಯ ಅಭ್ಯಾಸ. ಹೋದ ವಾರ ಶಾಮಿಯಾನದ ಕೆಳಗೆ ಎಲ್ಲರೂ ಈ ಸಲದ ಚಾಂಪಿಯನ್‌ಶಿಪ್ಪಿನ ಮಾತಾಡುತ್ತಿದ್ದರು. ಹಿಂದಿನ ಸಾಲು ಗಟ್ಟಿ, ನಡುವೆ ಓಟ ಚೆನ್ನಾಗಿದೆ, ಮುಂದಿನವರದ್ದು ಮಾತ್ರ ಹೇಳಲಿಕ್ಕಾಗದು. ಸೆಮಿಫೈನಲಿನಲ್ಲಿ ಎದುರಾಳಿ ಎತ್ತರದವರು, ಹಾಗಾಗಿ ಕೋಚ್‌ಗೆ ಶಾರ್ಟ್ ಪಕ್-ಔಟ್ ಬೇಕು. ಗೋಲಿನಲ್ಲಿ ನಿನ್ನ ಮಗಳು ಝೋಯಾ.

ನೀನು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದೆ: "ಕೋಚ್ ಎಂತ ಬೇಕಾದ್ರೂ ಹೇಳ್ಲಿ. ನೀನು ಉದ್ದಕ್ಕೆ ಹೊಡಿ. ಶಾರ್ಟ್ ಎಲ್ಲ ನಮ್ಮ ಕೈಯಲ್ಲಿ ಆಗುವ ಕೆಲಸ ಅಲ್ಲ. ನನಗೂ ಆಗ್ಲಿಲ್ಲ. ಹಿಲ್ಡಾ ಆಂಟಿಯ ಪುಸ್ತಕದಲ್ಲಿದೆ, ಕೇಳು ಬೇಕಾದ್ರೆ."

"ಉಮ್ಮಾ, ಆ ಬುಕ್ ಈಗ ಮ್ಯೂಸಿಯಂನಲ್ಲಿ ಇರ್ಬೇಕು" ಎಂದಳು ಝೋಯಾ. "ಪ್ರ್ಯಾಕ್ಟೀಸಲ್ಲಿ ನನ್ನ ಶಾರ್ಟ್ ಎಲ್ಲ ಗುಡ್ ಅಂತಾರೆ ಕೋಚ್."

"ಪ್ರಾಕ್ಟೀಸಲ್ಲಿ ನನ್ನದೂ ಗುಡ್ಡೇ ಇತ್ತು ಮಾರಾಯ್ತಿ. ಖಲಾಸ್, ನಡಿ."

ಇಬ್ಬರೂ ನಗುತ್ತ ನನ್ನ ಕಡೆ ತಿರುಗಿದಿರಿ. ನಾನು, "ಬಿಸಿಲು ಜೋರಾಗಿದೆ" ಎಂದು ಕಾರಿನ ಕಡೆ ನಡೆದೆ. ಇಪ್ಪತ್ತು ವರ್ಷದ ನಂತರ, ಕೇಳಿದಾಗಲೂ — ಮತ್ತೊಮ್ಮೆ ಅದೇ ಸುಳ್ಳು.

ನಿನ್ನೆ ಮಸ್ಕತ್‌ಗೆ ಫೋನ್ ಮಾಡಿ ಅನಿತಾಗೆ ಹೇಳಿದೆ. ಅವಳದ್ದು ಒಂದೇ ಮಾತು: "ಮಮ್ಮಿ, ನಾನು ಕೇಳಿದ್ನಾ?"

ಇಲ್ಲ, ಅವಳು ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಪುಸ್ತಕ ಮ್ಯೂಸಿಯಂನಲ್ಲಿಲ್ಲ, ನನ್ನ ಪ್ರೇಯರ್ ಬುಕ್ಕಿನ ಕೆಳಗಿದೆ. ದಪ್ಪ ಮಾಡಿದ ಗೆರೆಗಳು ಇಂದಿಗೂ ಬೇರೆಯಾಗಿ ಕಾಣುತ್ತವೆ. ಮೆತ್ತನೆಯ ಪೆನ್ಸಿಲ್ ಆದ್ದರಿಂದ ಬೆಳಕಿಗೆ ಹಿಡಿದರೆ ಹೊಳೆಯುತ್ತವೆ. ಬರುವ ಶುಕ್ರವಾರ, ಆಟ ಶುರುವಾಗುವ ಮೊದಲು, ಅದೇ ಶಾಮಿಯಾನದ ಕೆಳಗೆ ಎಲ್ಲರೆದುರು ಅದನ್ನು ಓದುತ್ತೇನೆ. ಆಮೇಲೆ ನೀನು ನನ್ನನ್ನು ಆಂಟಿ ಎಂದು ಕರೆಯದಿದ್ದರೂ ಸರಿ. ಕ್ಷಮೆ ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ.

ಅಲ್ಲಿಯವರೆಗೆ ಕಾಯುವುದು ಬೇಡ, ಇಲ್ಲೇ ಬರೆಯುತ್ತೇನೆ. ಝೋಯಾಗೆ ಓದಿ ಹೇಳು. ಮೂರನೆಯದು, ಆರನೆಯದು, ಏಳನೆಯದು, ಹತ್ತನೆಯದು, ಹದಿಮೂರನೆಯದು, ಹದಿನಾಲ್ಕನೆಯದು, ಹದಿನೆಂಟನೆಯದು — ಏಳೂ ಶಾರ್ಟ್, ಏಳೂ ನೇರ ನಮ್ಮವರ ಕೈಗೆ.